ತಾರಿಹಾಳದ ಫ್ಯಾಕ್ಟರಿಗೆ ಅಜೈಲ್ ಬಂತು

ತುಟಿ ಕಚ್ಚಿ ನಗು ತಡಕೊಳ್ಳೋ ಪ್ರಸಂಗ ನಮ್ಮ ಆಫೀಸಿನ್ಯಾಗ ಏನೂ ಹೊಸಾದಲ್ಲ. ತಾರಿಹಾಳದಾಗ ನೀರಿನ ಪಂಪು ಮಾಡೋ ಸಣ್ಣ ಫ್ಯಾಕ್ಟರಿ ನಮ್ಮದು, ನಾನು ಆಫೀಸ್ ನೋಡ್ಕೊಳ್ಳಾಕಿ. ಮಾಲಕರ ಮಗಳು ಪುಣೆದಾಗ ಕಲತು ಬಂದು, "ಅಪ್ಪಾ, ಇನ್ಮ್ಯಾಲೆ ಕೆಲಸ ಅಜೈಲ್ ಪದ್ಧತಿಲೆ ನಡೀಬೇಕು" ಅಂದ್ರು. ದೊಡ್ಡ ಕೆಲಸಾನ ತುಂಡು ಮಾಡಿ, ಎಲ್ಲಿಗೆ ಬಂತು ಅಂತ ದಿನಾ ಎಲ್ಲಾರೂ ನೋಡೋದಂತ. ಅವತ್ತಿಂದ ಅಂಥಾ ಪ್ರಸಂಗ ಜಾಸ್ತಿನ ಆದುವು.

ಬಣ್ಣದ ಚೀಟಿ

ಅಕ್ಕಾವರು (ಮಾಲಕರ ಮಗಳಿಗೆ ನಾವೆಲ್ಲ ಹಂಗ ಅಂತೇವಿ) ಗ್ವಾಡಿಗೆ ಬೋರ್ಡ್ ಹಾಕಿಸಿದ್ರು. ಅದರಾಗ ಮ್ಯಾಲಿಂದ ಕೆಳಗ ಮೂರು ಭಾಗ: 'ಮಾಡಬೇಕು', 'ನಡದೈತಿ', 'ಮುಗೀತು'. ಒಂದೊಂದು ಕೆಲಸಕ್ಕ ಒಂದೊಂದು ಅಂಟಿನ ಚೀಟಿ.

ಒಂದಿನ ಫ್ಯಾನ್ ಗಾಳಿಗೆ ಚೀಟಿ ಎಲ್ಲಾ ನೆಲಕ್ಕ ಬಿದ್ದುವು. ಕಸಾ ಹೊಡಿಯೋ ಅಮ್ಮ ಪಾಪ, ಆರಿಸಿ ತನ್ನ ಕೈಗೆ ನಿಲುಕಿದಲ್ಲೇ ಛಂದಂಗ ಹಚ್ಚಿಬಿಟ್ಟಳು. ಅಕಿ ಹಚ್ಚಿದ್ದು 'ಮುಗೀತು' ಭಾಗದಾಗ. ಮಾಲಕರು ಬಂದು ನೋಡಿ, ಖುಷಿ ತಡೀಲಾರದ ಎಲ್ಲಾರಿಗೂ ಪೇಢೆ ತರಿಸಿದ್ರು.

ಲೇತ್ ಮಷೀನಿನ ಮೇಸ್ತ್ರಿ ಪೇಢೆ ಬಾಯಾಗ ಇಟ್ಕೊಂಡ ಕೇಳಿದ್ರು: "ಹಂಗಾರ ಮಷೀನ್ ಬಂದ್ ಮಾಡ್ಲೇನ್ರಿ?"

ನಿಂತು ಮೀಟಿಂಗು

ಕುಂತ್ರ ಮಾತು ಉದ್ದ ಆಗತಾವು, ಅದಕ್ಕ ದಿನಾ ಮುಂಜಾನೆ ನಿಂತು ಮೀಟಿಂಗು. ನಿನ್ನೆ ಏನ್ ಮಾಡಿದ್ರಿ, ಇವತ್ತೇನು, ಅಡ್ಡಿ ಏನೈತಿ, ಇಷ್ಟ ಹೇಳಬೇಕು. ಮಾಲಕರಿಗೆ ಮೊಣಕಾಲು ನೋವು, ಹಿಂಗಾಗಿ ಅವರಿಗೊಬ್ರಿಗೆ ಕುರ್ಚಿ.

ಅವರು ಆರಾಮ ಕುಂತು, ಫ್ಯಾಕ್ಟರಿ ಸುರು ಮಾಡಿದ ಕಥಿ ತಗದ್ರು. ಜಾಗಾ ಹಿಡದದ್ದು, ಬೋರ್ ಹೊಡಿಸಿದ್ದು, ಮೊದಲನೇ ಮಷೀನು ಲಾರಿಯಿಂದ ಇಳಿಸಿದ್ದು. ಚಹಾ ಬಂತು, ಆರಿನೂ ಹೋತು. ನಾವು ಒಂದು ಕಾಲಿನ ಭಾರ ಇನ್ನೊಂದಕ್ಕ ಹಾಕ್ಕೋತ ನಿಂತಿದ್ವಿ. ಕಡೀಕ ಅಕ್ಕಾವರು ನಡುವ ಬಾಯಿ ಹಾಕಿ ಮೇಸ್ತ್ರಿಗೆ ಕೇಳಿದ್ರು: "ನಿಮ್ಮ ಕೆಲಸಕ್ಕ ಅಡ್ಡಿ ಏನೈತ್ರಿ?"

ಮೇಸ್ತ್ರಿ ಮೆತ್ತಗ ಅಂದ್ರು: "ಆ ಕುರ್ಚಿರಿ."

ಇಳಿಯೋ ಗೆರಿ

ಆಮ್ಯಾಲೆ ಒಂದು ಗ್ರಾಫ್ ಬಂತು. ತಲಿಬರಹ: 'ಬಾಕಿ ಉಳಿದ ಕೆಲಸ'. ಕೆಲಸ ಮುಗದಂಗ ಕೆಂಪು ಗೆರಿ ಇಳಕೋತ ಬರಬೇಕು, ಬರಾಕತ್ತಿತ್ತು.

ಅಕ್ಕಾವರು ಧಾರವಾಡಕ್ಕ ಹೋದ ದಿನಾನ ಬೆಳಗಾವಿಯಿಂದ ದೊಡ್ಡ ಗಿರಾಕಿ ಬರೋರಿದ್ರು. ಮಾಲಕರು ಗೆರಿ ನೋಡಿ ಹೌಹಾರಿದ್ರು. "ಏನಿದು, ಪೂರಾ ಇಳದೈತಿ! ಇವರ ಧಂದೆ ಮುಳುಗೇತಿ ಅಂತಾನ ಗಿರಾಕಿ. ಏರಿಸ್ರಿ ಅದನ್ನ!"

"ಸಾಹೇಬ್ರ, ಅದು ಇಳದ್ರನ ಛಲೋರಿ" ಅಂದೆ ನಾನು.

"ಇಷ್ಟು ವರ್ಷ ಧಂದೆ ಮಾಡೇನಿ. ಗೆರಿ ಇಳದ್ರ ಛಲೋ ಅಂದೋರನ್ನ ಇವತ್ತ ನೋಡಿದೆ!"

ಮಾಲಕರ ಮಾತು. ಹೊಸಾ ಹಾಳಿ ತಗೊಂಡು, ಅದ ತಲಿಬರಹ ಬರದು, ಗೆರೀನ ಅಟ್ಟಕ್ಕ ಮುಟ್ಟೂ ಹಂಗ ಏರಿಸಿದೆ.

ಗಿರಾಕಿ ಬಂದ್ರು. ಮಾಲಕರು ಎದಿ ಉಬ್ಬಿಸಿ, "ನೋಡ್ರಿ ನಮ್ಮ ಪ್ರಗತಿ" ಅಂತ ಗ್ರಾಫ್ ತೋರಿಸಿದ್ರು. ಗಿರಾಕಿ ಚಷ್ಮಾ ಏರಿಸಿ ತಲಿಬರಹ ಓದಿದ್ರು. ಇನ್ನೊಮ್ಮೆ ಓದಿದ್ರು.

"ಖರೇ ಹೇಳಾಕ ನಿಮಗ ಅಂಜಿಕಿ ಇಲ್ಲ ಬಿಡ್ರಿ. ಆದ್ರ ಬಾಕಿ ಕೆಲಸ ದಿನಾ ಹಿಂಗ ಏರಾಕತ್ತಿದ್ರ, ನನ್ನ ಪಂಪು ಒಯ್ಯಾಕ ನನ್ನ ಮೊಮ್ಮಗನ್ನ ಕಳಸ್ಲೇನ್ರಿ?"

ಮಾಲಕರು ಗ್ರಾಫ್ ನೋಡಿದ್ರು, ಗಿರಾಕಿನ್ನ ನೋಡಿದ್ರು, ಆಮ್ಯಾಲೆ ನನ್ನ ಕಡೆ ಹೊಳ್ಳಿ ಕಣ್ಣು ಕೆಂಪಗ ಮಾಡಿದ್ರು:

"ನೋಡ್ಕೋತ ನಿಂತೀರಲ್ರಿ? ಲಗೂ ಇಳಸ್ರಿ ಅದನ್ನ!"