ಎರಡೂವರೆ ಬಸ್ಸು ದೂರದ ನಂಬರ್ ಪ್ಲೇಟ್

ಸಹಿ ಹಾಕುವ ಅಧಿಕಾರ ಇರುವವರಿಗೆ ಓದುವ ಅಭ್ಯಾಸ ಕಡಿಮೆ. ವೇಣೂರಿನಲ್ಲಿ ಕ್ಲಿನಿಕ್ ಇಟ್ಟುಕೊಂಡಿರುವ ನನ್ನಂಥ ಡಾಕ್ಟರನಿಗೆ ಅದರಿಂದ ಆಗಾಗ ಮಂಗಳಾರತಿ ಆಗುತ್ತಲೇ ಇರುತ್ತದೆ.

೧. ಕ್ಯಾಲೆಂಡರ್ ಪರೀಕ್ಷೆ

ಡ್ರೈವಿಂಗ್ ಲೈಸೆನ್ಸ್ ನವೀಕರಣಕ್ಕೆ ಡಾಕ್ಟರ ಸರ್ಟಿಫಿಕೇಟ್ ಬೇಕು. ನನ್ನ ಕಣ್ಣಿನ ಪರೀಕ್ಷೆ ಸರಳ. ಎದುರು ಗೋಡೆಯ ಕ್ಯಾಲೆಂಡರ್ ತೋರಿಸಿ, "ಇವತ್ತಿನ ತಿಂಗಳು, ತಾರೀಕು ಓದಿ" ಎನ್ನುವುದು. ಇಷ್ಟು ವರ್ಷಗಳಲ್ಲಿ ಒಬ್ಬರೂ ನಪಾಸಾಗಿರಲಿಲ್ಲ.

ಮೊನ್ನೆ ಮೂಡುಬಿದಿರೆ ಬಸ್ಸಿನ ಡ್ರೈವರ್ ಬಂದರು. ಐವತ್ತು ದಾಟಿದವರು. ನನ್ನ ಹೆಂಡತಿ ದಿನಾ ಕಾಲೇಜಿಗೆ ಪಾಠ ಮಾಡಲು ಹೋಗುವುದು ಅವರ ಬಸ್ಸಿನಲ್ಲೇ. ಅವರು ತಿಂಗಳು, ತಾರೀಕು ಎರಡನ್ನೂ ಸರಿಯಾಗಿ ಪಟಪಟನೆ ಹೇಳಿದರು. ನಾನು ಪೆನ್ನು ತೆಗೆದೆ.

ನಮ್ಮ ಸಿಸ್ಟರ್ ಮೆಲ್ಲಗೆ ಹೇಳಿದರು, "ಡಾಕ್ಟ್ರೇ, ಹಾಳೆ ತಿರುಗಿಸಲು ನನಗೆ ಮರೆತುಹೋಗಿತ್ತು. ಅಲ್ಲಿ ಇನ್ನೂ ಹೋದ ತಿಂಗಳೇ ಉಂಟು."

೨. ತಜ್ಞರ ಅಭಿಪ್ರಾಯ

ಆಗ ಮೊದಲ ಬಾರಿಗೆ ಫಾರ್ಮ್ ಪೂರ್ತಿ ಓದಿದೆ. ಇಪ್ಪತ್ತೈದು ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಇವರಿಗೆ ಕಾಣುತ್ತದೆಯೇ ಎಂದು ಕೇಳಿತ್ತು. ಡ್ರೈವರಿಗೆ ಸೋಮವಾರ ಬರಲು ಹೇಳಿ ಕಳಿಸಿದೆ. ಕಳೆದ ಸಲವೂ ಅವರಿಗೆ ಕ್ಯಾಲೆಂಡರ್ ನಂಬಿಯೇ ಸಹಿ ಹಾಕಿದ್ದೆ. ಹೆಂಡತಿಯನ್ನು ಅವರ ಕೈಗೆ ಒಪ್ಪಿಸಿ ನಾನು ಹಾಯಾಗಿದ್ದೆನಲ್ಲ ಎಂದು ಹೆದರಿಕೆಯಾಯಿತು.

ಭಾನುವಾರ ಬೆಳ್ತಂಗಡಿಯಲ್ಲಿ ಡಾಕ್ಟರುಗಳ ಊಟವಿತ್ತು. "ಡ್ರೈವರಿಗೆ ದೃಷ್ಟಿ ಎಷ್ಟು ಇರಬೇಕು?" ಎಂದು, ಬೇರೆ ಯಾರಿಗೋ ಬೇಕಿದ್ದಂತೆ ಕೇಳಿದೆ.

ಮೂಳೆ ಡಾಕ್ಟರ್, "ಬ್ರೇಕ್ ಒತ್ತಲು ಕಾಲು ಸರಿ ಇದ್ದರಾಯ್ತು ಮಾರಾಯ್ರೆ" ಎಂದರು.

ಮಕ್ಕಳ ಡಾಕ್ಟರ್, "ನನ್ನಲ್ಲಿಗೆ ಬರುವವರದ್ದೆಲ್ಲ ಮೂರು ಚಕ್ರದ ಸೈಕಲ್. ಲೈಸೆನ್ಸ್ ಬೇಡ" ಎಂದರು.

ಕಣ್ಣಿನ ಡಾಕ್ಟರ್ ಮಾತ್ರ, "ನಿಲ್ಲಿ, ನೋಡಿ ಹೇಳ್ತೇನೆ" ಎಂದು ಮೊಬೈಲ್ ತೆಗೆದರು. ಅದನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಕೊನೆಗೆ ನನ್ನ ಕೈಗೇ ಕೊಟ್ಟರು. "ನೀವೇ ಓದಿ. ನನ್ನ ಕನ್ನಡಕ ಕಾರಿನಲ್ಲಿ ಉಂಟು."

೩. ರಸ್ತೆಯಲ್ಲಿ

ಸೋಮವಾರ ಡ್ರೈವರನ್ನು ಕ್ಲಿನಿಕ್ಕಿನ ಎದುರು ರಸ್ತೆ ಬದಿಗೆ ಕರೆದುಕೊಂಡು ಹೋದೆ. ತಿರುವಿನಾಚೆ ಬಸ್ಸಿನ ಹಾರ್ನ್ ಕೇಳಿಸಿತು. ಬಸ್ಸು ಕಾಣುವ ಮೊದಲೇ ಅವರು ಅದರ ನಂಬರ್ ಹೇಳಿಬಿಟ್ಟರು.

"ಹಾಗೆ ಆಗುವುದಿಲ್ಲ" ಎಂದೆ. "ಗುರುತಿಲ್ಲದ ಗಾಡಿಯೇ ಬೇಕು."

ಬಂಟ್ವಾಳದ ಕಡೆಯಿಂದ ಬಂದ ಒಂದು ಬಾಡಿಗೆ ಕಾರು ಹೋಟೆಲಿನ ಮುಂದೆ ನಿಂತಿತು. ಇಪ್ಪತ್ತೈದು ಮೀಟರ್ ಅಳೆಯುವುದು ಹೇಗೆ ಎಂದು ನಾನು ತಲೆ ಕೆರೆದುಕೊಂಡೆ.

"ನಮ್ಮ ಬಸ್ಸು ಹತ್ತು ಮೀಟರ್ ಉಂಟು" ಎಂದರು ಅವರು. "ಎರಡೂವರೆ ಬಸ್ಸು ಅಂತ ಲೆಕ್ಕ ಹಿಡಿಯುವ." ಕಣ್ಣಳತೆಯಲ್ಲೇ ನಾಲ್ಕು ಹೆಜ್ಜೆ ಹಿಂದೆ ಸರಿದು, ಸರಿಯಾದ ಜಾಗದಲ್ಲಿ ನಿಂತು, ನಂಬರನ್ನು ಒಂದೊಂದಾಗಿ ಓದಿದರು. "ಪ್ಲೇಟಿನ ಎಡಗಡೆ ಒಂದು ಸ್ಕ್ರೂ ಇಲ್ಲ" ಎಂದೂ ಸೇರಿಸಿದರು.

ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಕಣ್ಣು ಕಿರಿದು ಮಾಡಿ ನೋಡಿದರೂ ನನಗೆ ಹಳದಿ ಪಟ್ಟಿಯೊಂದು ಕಂಡಿತು, ಅಷ್ಟೆ. ಸಿಸ್ಟರ್ ಹೋಗಿ ನೋಡಿ ಬಂದರು. "ಎಲ್ಲ ಸರಿ ಉಂಟು ಡಾಕ್ಟ್ರೇ. ಸ್ಕ್ರೂ ಕೂಡ ಇಲ್ಲ."

ಹೋದ ಜೀವ ಬಂದಂತಾಯಿತು. ಹೆಂಡತಿ ಇಷ್ಟು ದಿನ ಒಳ್ಳೆಯ ಕೈಯಲ್ಲೇ ಇದ್ದಳು. ಅಲ್ಲೇ ನಿಲ್ಲಿಸಿದ್ದ ನನ್ನ ಕಾರಿನ ಬಾನೆಟ್ ಮೇಲೆ ಫಾರ್ಮ್ ಇಟ್ಟು, ಸಂತೋಷದಿಂದ ಸಹಿ ಹಾಕಿ ಕೊಟ್ಟೆ. ಅವರು ಅದನ್ನು ಕಿಸೆಗೆ ಹಾಕಿಕೊಂಡ ಮೇಲೂ ಕೈ ಚಾಚಿಯೇ ಇದ್ದರು.

"ಇನ್ನೇನು ಬೇಕು?" ಎಂದೆ.

"ನಿಮ್ಮ ಕಾರಿನ ಕೀ" ಎಂದರು. "ಕನ್ನಡಕ ಆಗುವವರೆಗೆ ಬಸ್ಸಿನಲ್ಲೇ ಬನ್ನಿ ಡಾಕ್ಟ್ರೇ. ಹೆದರಬೇಡಿ, ನಾನಿದ್ದೇನಲ್ಲ."