ಎಡಗಿವಿಯ ನವೀಕರಣ

ವಿಮಾನಗಳು ಯಾವಾಗ ಇಳಿಯಬೇಕು, ಯಾವಾಗ ಏರಬೇಕು ಎಂದು ನಿಲ್ದಾಣದ ಗೋಪುರದಲ್ಲಿ ಕೂತು ಹೇಳುವುದು ನನ್ನ ಉದ್ಯೋಗ. ಅದಕ್ಕೆ ಕಣ್ಣು, ಕಿವಿ, ಹೃದಯ ಎಲ್ಲವೂ ಸುಸ್ಥಿತಿಯಲ್ಲಿವೆ ಎಂಬ ವೈದ್ಯಕೀಯ ಪ್ರಮಾಣಪತ್ರ ಬೇಕು. ಅದರ ಅವಧಿ ಮುಗಿಯುತ್ತ ಬಂದಿತ್ತು. ನವೀಕರಣವಾಗದಿದ್ದರೆ ಮೈಕು ಮುಟ್ಟುವಂತಿಲ್ಲ. ಒಂದೇ ಏಟಿಗೆ ಪಾಸಾಗಲೇಬೇಕೆಂದು ಪಣ ತೊಟ್ಟು, ರಜೆ ಹಾಕಿ, ಸಿದ್ಧತೆಗಾಗಿ ಕಡೂರಿನ ನಮ್ಮ ಮನೆಗೆ ಬಂದೆ. ಅಲ್ಲೇ ಕೆಟ್ಟಿತು!

ಮೊದಲಿಗೆ ಕಿವಿ. ಹೆಂಡತಿ ಸುಮಳನ್ನು ಅಡುಗೆಮನೆಯಲ್ಲಿ ನಿಲ್ಲಿಸಿ, ಪಿಸುಮಾತಿನಲ್ಲಿ ಏನಾದರೂ ಹೇಳೆಂದೆ. ಜಗಲಿಯಲ್ಲಿ ಕಿವಿಗೊಟ್ಟು ಕೂತೆ. ಏನೂ ಕೇಳಲಿಲ್ಲ.

"ಏನಂದೆ?"

"ಏನೂ ಅನ್ನಲಿಲ್ಲ ಕಣ್ರೀ, ಹಾಲು ಉಕ್ತಾ ಇತ್ತು!"

ಈ ಸಮಜಾಯಿಷಿಯನ್ನು ನಾನು ಒಪ್ಪಲಿಲ್ಲ. ಎಡಗಿವಿಯಲ್ಲಿ ಗುಗ್ಗೆ ಕೂತಿದೆಯೆಂದು ತೀರ್ಮಾನಿಸಿ, ಹತ್ತಿ ಸುತ್ತಿದ ಕಡ್ಡಿ ತೂರಿಸಿದೆ. ಕಡ್ಡಿ ಬಂತು. ಹತ್ತಿ ಬರಲಿಲ್ಲ!

ಪಕ್ಕದ ಮನೆಯ ಗೌರಜ್ಜಿ ಓಡಿಬಂದರು. "ಅಷ್ಟಕ್ಯಾಕಪ್ಪಾ ಗಾಬರಿ? ಬೆಳ್ಳುಳ್ಳಿ ಎಣ್ಣೆ ಬಿಟ್ರೆ ತಾನೇ ತೇಲ್ಕೊಂಡ್ ಬತ್ತದೆ."

ಕೊಬ್ಬರಿಯ ಊರು ನಮ್ಮದು, ಎಣ್ಣೆಗೆ ಬರವೇ? ಧಾರಾಳವಾಗಿ ಬಿಟ್ಟರು. ಹತ್ತಿ, ಎಣ್ಣೆ ಎರಡೂ ಒಳಗೇ ಸಂಸಾರ ಹೂಡಿದವು.

ಎಣ್ಣೆ ಇಳಿಸಲೆಂದು ಮನೆಮುಂದಿನ ರಸ್ತೆಯಲ್ಲಿ ತಲೆ ಓರೆ ಮಾಡಿ, ಕೈ ಎತ್ತಿ, ಒಂಟಿಕಾಲಲ್ಲಿ ಕುಣಿದೆ. ಸಖರಾಯಪಟ್ಟಣದ ಬಸ್ಸು ಗಕ್ಕನೆ ನಿಂತಿತು.

"ಹತ್ರೀ ಬೇಗ! ಅದ್ಯಾಕಂಗ್ ಕುಣೀತೀರಾ?" ಎಂದು ಕಂಡಕ್ಟರ್ ಕೂಗಿದ.

"ಎಣ್ಣೆ!" ಎಂದೆ.

"ಬೆಳಬೆಳಗ್ಗೇನೇ? ರೈಟ್, ರೈಟ್!"

ಬಸ್ಸು ಹೋಯಿತು. ಮಾನವೂ!

"ಇಲ್ಲೇ ಯಾರಾದ್ರೂ ಡಾಕ್ಟ್ರಿಗೆ ತೋರಿಸ್ರೀ," ಎಂದಳು ಸುಮ.

"ನಾಳೆ ಪರೀಕ್ಷೆ ಮಾಡೋರೂ ಡಾಕ್ಟ್ರೇ ಕಣೇ!" ಎಂದು ಬೆಂಗಳೂರಿನ ರೈಲು ಹತ್ತಿದೆ.

ಕಣ್ಣು ಪಾಸು, ರಕ್ತ ಪಾಸು, ಹೃದಯ ಪಾಸು. ಕೊನೆಗೆ ನನ್ನನ್ನು ಪುಟ್ಟ ಕೋಣೆಯೊಂದರಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗಲೆಲ್ಲ ಒತ್ತಬೇಕು. ಹಲ್ಲು ಕಚ್ಚಿ, ಕಣ್ಣು ಮುಚ್ಚಿದೆ. ಗುಳುಕ್! ಒತ್ತಿದೆ. ಗುಳು ಗುಳು! ಒತ್ತಿದೆ, ಒತ್ತಿದೆ. ಒಂದು ಸದ್ದನ್ನೂ ಬಿಡಲಿಲ್ಲ!

ಡಾಕ್ಟರಮ್ಮ ಬಾಗಿಲು ತೆರೆದರು. "ಏನ್ರೀ ಒತ್ತುತ್ತಾ ಇದೀರಾ? ನಾನಿನ್ನೂ ಮೆಷಿನ್ನೇ ಆನ್ ಮಾಡಿಲ್ಲ!"

ಇಕ್ಕಳ ಹಾಕಿ ಹತ್ತಿ ಎಳೆದರು. ಎಣ್ಣೆ ಒರೆಸಿದರು. 'ಸದ್ಯಕ್ಕೆ ಅನರ್ಹ, ಮುಂದಿನ ವಾರ ಮರುಪರೀಕ್ಷೆ' ಎಂದು ಬರೆದರು.

"ಮುಂದಿನ ವಾರ ಪಾಸಾಗೇ ಆಗ್ತೀನಿ ಮೇಡಂ!" ಎಂದು ಎದೆಯುಬ್ಬಿಸಿ ಹೊರಬಂದೆ. ಶುಚಿಯಾದ ಎಡಗಿವಿ ಈಗ ಎಷ್ಟು ಚುರುಕಾಗಿತ್ತೆಂದರೆ, ಮುಚ್ಚಿದ ಬಾಗಿಲಿನಾಚೆ ಅವರು ನರ್ಸಿಗೆ ಹೇಳಿದ್ದೂ ಸ್ಪಷ್ಟವಾಗಿ ಕೇಳಿಸಿತು:

"ಸಿಸ್ಟರ್, ನಾಳೆಯ ನನ್ನ ವಿಮಾನದ ಟಿಕೆಟ್ ಕ್ಯಾನ್ಸಲ್ ಮಾಡ್ಸಿ. ರೈಲಲ್ಲೇ ಹೋಗ್ತೀನಿ."