ಒಂದು ತೋಳಿಗೆ ಮಾತ್ರ ಹೂವು

ನನಗಾಗ ಅರವತ್ತೆರಡು, ಈಗ್ಗೆ ಐದು ವರ್ಷದ ಮಾತು. ಒಂದೇ ವಸ್ತುವನ್ನು ಐದು ಕಡೆ ಬಚ್ಚಿಟ್ಟು, ಬೇಕಾದಾಗ ಒಂದು ಕಡೆಯಿಂದಲೂ ನೆಟ್ಟಗೆ ಹೊರತೆಗೆಯಲಾರದ ಗಂಡಸು ಈ ಭೂಮಿಯ ಮೇಲೆ ಇದ್ದರೆ, ಅವನು ನನ್ನ ಮೈದುನ! ಪಕ್ಕದ ಮನೆಯಲ್ಲೇ ಇದ್ದಾನೆ. ಎರಡನೇ ಕ್ಲಾಸು ದಾಟದ ನಾನು ಕಂಪ್ಯೂಟರಿನ ವಿಷಯ ಮಾತಾಡುತ್ತಿದ್ದೇನೆಂದರೆ ಅದು ಇವನ ಸಹವಾಸದ ಫಲ.

ಹೊಸೂರಿನಲ್ಲಿ ಅವನದೊಂದು ಅಂಗಡಿ. ರವಿಕೆಯ ತೋಳಿಗೆ ತಾನೇ ಹೂವು ಹೊಲಿಯುವ ಮಿಷನ್ ಇಟ್ಟಿದ್ದಾನೆ. ಮುದಿ ಮಿಷನ್ನು! ಹೂವಿನ ನಕ್ಷೆಯನ್ನು ಫ್ಲಾಪಿಯಲ್ಲಿ ಹಾಕಿ ಬಾಯಿಗಿಟ್ಟರೆ ಮಾತ್ರ ಹೊಲಿಯುತ್ತದೆ. ಫ್ಲಾಪಿ ಎಂದರೆ ಅಂಗೈಯಗಲದ ಚೌಕ ಬಿಲ್ಲೆ. ಈಗಿನ ಫೋನಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರೊಳಗೆ ಹಿಡಿಸುವುದಿಲ್ಲವಂತೆ. "ಹೊಸ ಮಿಷನ್ ತಗೋಬಾರ್ದೇನ್ಲಾ" ಎಂದರೆ, "ವಯಸ್ಸಾಯ್ತು ಅಂತ ನಿನ್ನ ಬದಲಾಯಿಸಿದ್ವಾ ಅತ್ಗೆ?" ಎನ್ನುತ್ತಾನೆ. ಹೊಡೆಯಬೇಕೋ ನಗಬೇಕೋ, ನೀವೇ ಹೇಳಿ!

ಅವನ ಮಗಳ ಮದುವೆ ಹತ್ತಿರ ಬಂತು. ಧಾರೆಗೆ ಅಪ್ಪ ಹೂವು ಹಾಕಿದ ರವಿಕೆಯೇ ಬೇಕೆಂದು ಹುಡುಗಿಯ ಹಟ. ಎಡತೋಳಿಗೆ ಜರಿಯ ಬಳ್ಳಿ ಹಬ್ಬಿತು, ಕರೆಂಟು ಹೋಯಿತು. ಕರೆಂಟು ಬಂದಾಗ ಮಿಷನ್ನಿಗೆ ಎಲ್ಲ ಮರೆತುಹೋಗಿತ್ತು. ಫ್ಲಾಪಿಯನ್ನು ಮತ್ತೆ ತುರುಕಿದರೆ ಗರ್ ಎಂದು ಉಗುಳಿತು. ಬಿಲ್ಲೆಗೆ ಬೂಷ್ಟು ಹಿಡಿದಿತ್ತು, ಮೊದಲ ಸಲ ಓದಿಸಿದ್ದೇ ಹೆಚ್ಚು.

"ಸೆರಗು ಮುಚ್ಚೋದು ಎಡತೋಳು ಕಣಪ್ಪಾ! ಹೂವು ಒಳ್ಗೆ, ಬೋಳು ತೋಳು ಊರ್ಗೆಲ್ಲ!" ಎಂದು ಹುಡುಗಿ ಅಳುವುದಕ್ಕೇ ಕೂತಳು.

"ಅಳ್ಬೇಡಮ್ಮ, ಆ ನಕ್ಷೆನ ಇನ್ನೂ ನಾಕು ಕಡೆ ಇಟ್ಟಿವ್ನಿ" ಎಂದ ಇವನು.

ಮೊದಲು ಸಿಡಿ. "ಅದ್ರಲ್ಲಿ ಒಂದ್ಸಲ ಬರುದ್ರೆ ಹಚ್ಚೆ ಹಾಕ್ಸಿದಂಗೆ ಅತ್ಗೆ, ಅಳ್ಸೋಕಾಗಲ್ಲ." ಸರಿ, ಎಲ್ಲಿದೆ? ಹೊಲದಲ್ಲಿ! ರಾಗಿ ತೆನೆಗೆ ಹಕ್ಕಿ ಬೀಳದಿರಲೆಂದು ಅವನ ಹೆಂಡತಿ ಎಲ್ಲ ಸಿಡಿಗಳನ್ನೂ ದಾರ ಕಟ್ಟಿ ತೂಗುಬಿಟ್ಟಿದ್ದಳು. ಅಳಿಸಿರಲಿಲ್ಲ, ನಿಜ. ಆದರೆ ಬಿಸಿಲಿಗೆ ಸಿಪ್ಪೆ ಎದ್ದು, ಗೀರು ಬಿದ್ದು, ಈರುಳ್ಳಿಯ ಹಾಗಾಗಿತ್ತು. "ಕಂಪ್ಯೂಟರ್ ಓದ್ದೆ ಇದ್ರೆ ಏನಂತೆ? ಗಿಳಿಗಳು ಓದ್ಕೊಂಡು ಓಡೋದ್ವು" ಎಂದಳು ನನ್ನ ವಾರಗಿತ್ತಿ.

ಆಮೇಲೆ ಹಾರ್ಡ್ ಡಿಸ್ಕ್. ಹೊಟ್ಟೆ ದೊಡ್ಡದು, ಬೆಲೆ ಕಡಿಮೆ, ಒಳಗೆ ಮಾತ್ರ ಬಿಲ್ಲೆ ಗಿರಗಿರ ತಿರುಗುತ್ತಿರುತ್ತದಂತೆ, ಬಿದ್ದರೆ ಮುಗಿಯಿತು. ಅದಕ್ಕೇ ಜಾಣ ಅದನ್ನು ಎಲ್ಲಕ್ಕಿಂತ ಎತ್ತರದಲ್ಲಿ, ಅಟ್ಟದ ತುದಿಯಲ್ಲಿ ಇಟ್ಟಿದ್ದ. ಬೆಕ್ಕು ಬೀಳಿಸಿತ್ತು. ತಂತಿ ಚುಚ್ಚಿದರೆ ಟಕ್ ಟಕ್ ಎಂದಿತೇ ಹೊರತು ಏನನ್ನೂ ಕಕ್ಕಲಿಲ್ಲ.

"ಈಗ ತಿರುಗ್ದೆ ಇರೋದೂ ಬಂದೈತೆ ಅತ್ಗೆ. ಬಿದ್ರೂ ತಡ್ಕೊಂತದೆ, ಕೇಳಿದ್ ತಕ್ಷಣ ಕೊಡ್ತದೆ. ದುಬಾರಿ ಅಷ್ಟೇ."

"ಮಗ್ಳು ಬೋಳು ತೋಳಲ್ಲಿ ಕೂತವ್ಳೆ, ನೀನು ಇಲ್ದಿರೋ ಸಾಮಾನು ಹೊಗಳ್ತೀಯಲ್ಲಲಾ!"

ಮೂರನೆಯದು ಪೆನ್ ಡ್ರೈವ್. ಹೆಬ್ಬೆರಳಿನಷ್ಟು ಇದ್ದುಕೊಂಡು ಸಾವಿರ ಫ್ಲಾಪಿಯಷ್ಟು ನುಂಗುತ್ತದೆ. ಸಣ್ಣದಾದ್ದರಿಂದ ಎಲ್ಲಿಗೆ ಬೇಕಾದರೂ ಒಯ್ಯಬಹುದು. ಇವನದು ಅಂಗಿಯ ಜೇಬಿನಲ್ಲಿ ಒಗೆಯುವ ಕಲ್ಲಿಗೇ ಹೋಗಿತ್ತು! ಹೆಂಡತಿ ಅಂಗಿಯನ್ನು ಎತ್ತಿ ಎತ್ತಿ ಬಡಿದಿದ್ದಳು. ಅಂಗಿ ಮಾತ್ರ ಬೆಳ್ಳಗಾಗಿತ್ತು.

"ಕಡೇದು ಕ್ಲೌಡ್" ಎಂದ. ನಾನು ತಲೆಯೆತ್ತಿ ಮೋಡ ನೋಡಿದೆ. ಮೋಡವಲ್ಲವಂತೆ, ಯಾವುದೋ ಊರಿನ ಯಾರದೋ ಅಟ್ಟವಂತೆ! ನಮ್ಮ ಮನೆ ಸುಟ್ಟರೂ ಅಲ್ಲಿರುವುದು ಉಳಿಯುತ್ತದೆ. ನೆಟ್ ಬೇಕು, ಪಾಸ್‌ವರ್ಡ್ ಅನ್ನುವ ಬೀಗದ ಗುರುತು ನೆನಪಿರಬೇಕು. ಇವನಿಗೆ ಗುರುತು ನೆನಪಿಲ್ಲ. ಮರೆತವರಿಗೆಂದು ಕಳಿಸುವ ಗುಟ್ಟಿನ ಅಂಕಿ ಹೆಂಡತಿಯ ಫೋನಿಗೆ ಬಂತು.

"ಹೇಳೇ, ಬೇಗ!"

"ಯಾರ್ಗೂ ಹೇಳ್ಬೇಡಿ ಅಂತ ಹಾಕವ್ರೆ."

"ನಾನು ಗಂಡ ಕಣೇ!"

"ಗಂಡನ್ನ ಬಿಟ್ಟು ಅಂತ ಹಾಕಿಲ್ವಲ್ಲ!"

ಅಷ್ಟರಲ್ಲಿ ಗಡುವು ಮುಗಿದು ಬೇರೆ ಅಂಕಿ ಬಂತು. ನಾನು ಫೋನ್ ಕಿತ್ತುಕೊಂಡು ಒಂದೊಂದೇ ಅಂಕಿ ಕೂಗಿದೆ. ಅಟ್ಟ ತೆರೆಯಿತು.

ಮೊದಲಿಗೆ ಕಂಡದ್ದು ರವಿಕೆಯ ಬಳ್ಳಿಯಲ್ಲ. ನನ್ನ ಮನೆಯ ಬಾಗಿಲು! ನಾನು ದಿನಾ ಬೆಳಗ್ಗೆ ಹಾಕಿದ ರಂಗೋಲಿಗಳು, ಒಂದರ ಕೆಳಗೊಂದು, ಬೆರಳಿನಿಂದ ತಳ್ಳಿದಷ್ಟೂ ಬರುತ್ತಲೇ ಇದ್ದವು. ಒಂದರಲ್ಲಿ ಹಸುವಿನ ಕಾಲು, ಒಂದರಲ್ಲಿ ನನ್ನ ನೆರಳು. ನಡುವೆ ಬರೀ ಬೋಳು ನೆಲದ ಕೆಲವು ಪಟಗಳು. ನನ್ನ ಗಂಡ ಹೋದಾಗಿನ ಸೂತಕದ ದಿನಗಳು ಅವು. ಅವನ್ನೂ ಬಿಟ್ಟಿರಲಿಲ್ಲ.

"ಏನ್ಲಾ ಇದು?"

"ನೀನು ಹಾಕ್ತೀಯ, ಬಿಸಿಲು ಏರೋ ಹೊತ್ಗೆ ಎಲ್ಲಾರೂ ತುಳ್ದು ಹೋಗ್ಬುಡ್ತಾರೆ. ಅದ್ಕೇ ಎತ್ತಿಟ್ಕೊಂಡೆ. ಅಂಗಡಿ ಹೂವೆಲ್ಲ ನಿಂದೇ ಅತ್ಗೆ. ಈ ತೋಳಿಂದೂವೆ."

ಬಿಳಿ ಹುಡಿಯ ಗೆರೆ ಜರಿಯಾಗಿಬಿಟ್ಟರೆ ಯಾರಿಗೆ ಗುರುತು ಸಿಗುತ್ತದೆ? "ಮೊದ್ಲು ತೋಳು ಹೊಲಿ, ಹೋಗು" ಎಂದು ಗದರಿದೆ. ಬಳ್ಳಿಯ ನಕ್ಷೆ ಅಲ್ಲೇ ಕೆಳಗಿತ್ತು. ಅದನ್ನೊಂದು ಒಳ್ಳೆಯ ಫ್ಲಾಪಿಗೆ ಇಳಿಸಿಕೊಂಡ. ದೀಪ ಹಚ್ಚುವ ಹೊತ್ತಿಗೆ ಬಲತೋಳಿಗೂ ಬಳ್ಳಿ ಹಬ್ಬಿತ್ತು. ಹುಡುಗಿ ರವಿಕೆ ತೊಟ್ಟು ಮೂರು ಮನೆ ಸುತ್ತಿ ತೋರಿಸಿ ಬಂದಳು.

ಮರುದಿನ ಬೆಳಗ್ಗೆ ಬಾಗಿಲಿಗೆ ನೀರು ಹಾಕಿ, ಯಾವತ್ತೂ ಹಾಕದಿದ್ದ ಒಂದು ಬಳ್ಳಿ ಎಳೆದೆ. ಹಾಲಿನವನು ಬೈಕು ತಂದ. ಪೊರಕೆ ಅಡ್ಡ ಹಿಡಿದು, ಮೈದುನ ಫೋನ್ ಹಿಡಿದು ಬರುವವರೆಗೂ ಅವನನ್ನು ಬೀದಿಯಲ್ಲೇ ನಿಲ್ಲಿಸಿದೆ.